ನಿದ್ದೆ ಮಾತ್ರೆ ನುಂಗಿದ ವೀರಭದ್ರ

ಕೋಪದ ವಿಷಯದಲ್ಲಿ ನನ್ನನ್ನು ಮೀರಿಸುವವರು ಹುಣಸೂರು ತಾಲ್ಲೂಕಿನಲ್ಲಿ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನದು ಸಾರ್ವಜನಿಕ ಸೇವೆಯಲ್ಲಿರುವ ಕೋಪ! ನಮ್ಮೂರಿನ ವೀರಗಾಸೆ ತಂಡದಲ್ಲಿ ಒಡಪು, ಅಂದರೆ ಕುಣಿತದ ನಡುವೆ ವೀರಭದ್ರನ ಕಥೆಯನ್ನು ಗರ್ಜಿಸಿ ಹೇಳುವ ಮಾತು, ಹೇಳುವವನು ನಾನೇ. ತಲೆಗೆ ಬಿಳಿ ಚವರಿ, ಹಣೆತುಂಬ ವಿಭೂತಿ, ಎದೆಗೆ ಹಲಗೆ, ಕಾಲಿಗೆ ಗೆಜ್ಜೆ, ಕೈಗೆ ಕತ್ತಿ ಬಂತೆಂದರೆ ನಾನು ರುದ್ರಪ್ಪನಲ್ಲ, ಸಾಕ್ಷಾತ್ ವೀರಭದ್ರ. ಮಗಳು ದಾಕ್ಷಾಯಣಿಗೂ ಅಳಿಯ ಶಿವನಿಗೂ ಅವಮಾನ ಮಾಡಿದ ಆ ದಕ್ಷಬ್ರಹ್ಮನನ್ನು ನಾನು ಬೈಯುವುದನ್ನು ಕೇಳಲು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದಲೂ ಕರೆ ಬರುತ್ತದೆ. ನಾನು ಗಾವಡಗೆರೆಯಲ್ಲಿ ನಿಂತು 'ಅಹಹಾ ರುದ್ರ!' ಎಂದರೆ ಹನಗೋಡಿನಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು ಹೊಳೆಗೆ ಬೀಳುತ್ತದೆ ಎಂದು ಜನ ಹೇಳುತ್ತಾರೆ. ಮೊದಲು ಹೇಳಿದವನು ನಾನೇ ಇರಬಹುದು, ಆದರೆ ಈಗ ಜನವೂ ಹೇಳುತ್ತಾರೆ.

ಇಂಥ ಕೋಪವನ್ನು ವರ್ಷಕ್ಕೆ ನಾಲ್ಕು ಹಬ್ಬಕ್ಕೆ ಮಾತ್ರ ಹೊರತೆಗೆದರೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮನೆಯಲ್ಲಿ ದಿನವೂ ಅಭ್ಯಾಸ. ಸಾರಿಗೆ ಉಪ್ಪು ಕಮ್ಮಿಯಾದರೆ ಗರ್ಜನೆ, ಚಪ್ಪಲಿ ಜಾಗ ಬದಲಾದರೆ ಗರ್ಜನೆ. ನನ್ನ ಹೆಂಡತಿ ಗೌರಮ್ಮ ನಾನು ಗರ್ಜಿಸುವಾಗ ಕೆಳಗೆ ಕೂತು ಸೊಪ್ಪು ಬಿಡಿಸುತ್ತಿರುತ್ತಾಳೆ. ಮುಗಿದ ಮೇಲೆ ತಲೆಯೆತ್ತಿ, "ಆಯ್ತಾ? ಕೈ ತೊಳ್ಕಳಿ, ಮುದ್ದೆ ಆರೋಯ್ತದೆ" ಅನ್ನುತ್ತಾಳೆ. ಮದುವೆಯಾದಾಗಿನಿಂದ ಅವಳು ಒಂದು ಸಲವೂ ಗಟ್ಟಿಯಾಗಿ ತಿರುಗಿ ಮಾತಾಡಿದವಳಲ್ಲ. ಅದನ್ನು ನಾನು ಭಯ ಎಂದು ತಿಳಿದಿದ್ದೆ.

ಕೇದಾರಕ್ಕೆ ಹೋಗುವ ವಿಚಾರ ಶುರುವಾದದ್ದು ನಮ್ಮ ಮಗಳು ಶಶಿಕಲಾಳ ಹೆರಿಗೆಯಿಂದ. ಅವಳನ್ನು ಕೆ.ಆರ್. ನಗರಕ್ಕೆ ಕೊಟ್ಟಿದ್ದೇವೆ. ಹೆರಿಗೆ ತುಂಬ ಕಷ್ಟವಾಯಿತು. ತಾಯಿ ಉಳಿಯುತ್ತಾಳೋ, ಮಗು ಉಳಿಯುತ್ತದೋ ಎಂದು ಡಾಕ್ಟರೇ ಬಾಯಿ ಬಿಡದಂಥ ಹೊತ್ತು. ನಾನು ಆಸ್ಪತ್ರೆಯ ಹೊರಗೆ ನಿಂತು ವಾಚ್‌ಮನ್ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದೆ. ಒಳಗೆ ಬಾಗಿಲ ಹತ್ತಿರ ನಿಂತಿದ್ದ ಗೌರಮ್ಮ ಸೆರಗೊಡ್ಡಿ ಹರಕೆ ಹೊತ್ತುಬಿಟ್ಟಿದ್ದಳು: "ಕೇದಾರದಪ್ಪಾ, ಎರಡು ಜೀವನೂ ಉಳಿಸ್ಕೊಡು. ನಮ್ಮನೇವ್ರ ಬಾಯಲ್ಲಿ ನಿನ್ನ ಮುಂದೆ ಒಡಪು ಹೇಳಿಸ್ತೀನಿ."

ಎರಡು ಜೀವವೂ ಉಳಿದವು. ಹೆಣ್ಣು ಕೂಸು, ಗುಂಡಗೆ ಚೆಂದವಾಗಿತ್ತು. ಆಮೇಲೆ ನನಗೆ ವಿಷಯ ತಿಳಿಯಿತು.

"ಅಲ್ಲ ಕಣೇ, ಹರಕೆ ಹೊತ್ಕೊಂಡಿದ್ದು ನೀನು. ಗಂಟ್ಲು ನಂದು. ಒಂದು ಮಾತು ಕೇಳೋದು ಬ್ಯಾಡ್ವಾ?" ಎಂದು ಎಗರಾಡಿದೆ.

"ಕೇಳಾಕೆ ಹೊತ್ತೆಲ್ಲಿತ್ತು? ನೀವು ಹೊರ್ಗಡೆ ವಾಚ್‌ಮನ್ ಜೊತೆ ಬಿಜಿ ಇದ್ರಿ" ಅಂದಳು ಗೌರಮ್ಮ. ಆಮೇಲೆ ದನಿ ತಗ್ಗಿಸಿ, "ಹರಕೆ ತಪ್ಪಂಗಿಲ್ಲ ಕಣ್ರೀ. ಕೂಸಿನ ಮ್ಯಾಲೆ ಹೊತ್ತಿರಾದು" ಅಂದಳು. ಹಾಗೆನ್ನುವಾಗ ಅವಳ ಮುಖ ನೋಡಿ ನನ್ನ ಕೋಪ ಅರ್ಧಕ್ಕೆ ನಿಂತಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗು. ವೀರಭದ್ರ ಹುಟ್ಟಿದ್ದೇ ಹಿಮಾಲಯದಲ್ಲಿ. ಅಲ್ಲಿಗೆ ಹೋಗಿ ವೀರಭದ್ರನ ಒಡಪು ಹೇಳುವುದೆಂದರೆ ಸಣ್ಣ ಮಾತೇ?

ನಮ್ಮ ಹೊಲದ ಹೊಗೆಸೊಪ್ಪನ್ನು ಶಾಖಕ್ಕೆ ಬೇಯಿಸಿ ಒಣಗಿಸುವ ಕೆಲಸ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಕೇದಾರದ ಗುಡಿಯ ಬಾಗಿಲು ಹಾಕುವ ಮುಂಚೆ ಹೊರಟೆವು. ನಾನು, ಗೌರಮ್ಮ, ನಮ್ಮೂರ ಮಠದ ಅಯ್ನೋರು, ಕರಡೆ ಬಾರಿಸುವ ಪುಟ್ಟಸ್ವಾಮಿ, ಮತ್ತು ನನ್ನ ಭಾವಮೈದ ಶಂಕರ. ಈ ಶಂಕರನ ಬಗ್ಗೆ ಬರೆಯುವಾಗ ಈಗಲೂ ಪೆನ್ನು ಒತ್ತಿ ಕಾಗದ ಹರಿಯುತ್ತದೆ. ಹಾರನಹಳ್ಳಿಯವನು. ಅವನ ಹತ್ತಿರ ಒಂದು ಬಟ್ಟೆ ಚೀಲವಿದೆ, ಅದರ ತುಂಬ ಮಾತ್ರೆ. ಯಾರಿಗೋ ಯಾವಾಗಲೋ ಬರೆದುಕೊಟ್ಟು, ಅವರು ಗುಣವಾಗಿಯೋ ಸತ್ತೋ ಉಳಿದುಹೋದ ಮಾತ್ರೆಗಳನ್ನೆಲ್ಲ ಕೂಡಿಟ್ಟಿದ್ದಾನೆ. "ನಂಗೆ ಡಾಕ್ಟ್ರಾಗೋ ಯೋಗ ಇತ್ತು ಭಾವ, ಪಿಯುಸಿ ಅಡ್ಡ ಬಂತು" ಅನ್ನುತ್ತಾನೆ.

ಬೆಟ್ಟದ ಬುಡದಲ್ಲೇ ಎಲ್ಲರೂ ಹೇಳಿದರು: ನಿಧಾನ ಹತ್ತಿ, ನಡುವೆ ಒಂದು ದಿನ ತಂಗಿ, ನೀರು ಕುಡಿಯಿರಿ. ನನಗೆ ನಗು ಬಂತು. ನಾನು ಬ್ಯಾರನ್ ಒಳಗೆ ಬೆಳೆದವನು! ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯಲ್ಲಿ ಏಣಿಯಿಲ್ಲದೆ ಗಳದಿಂದ ಗಳಕ್ಕೆ ಕಾಲಿಟ್ಟು ಸೂರಿನವರೆಗೆ ಹತ್ತಿ ಸೊಪ್ಪಿನ ಕಡ್ಡಿ ಜೋಡಿಸುವವನಿಗೆ ಹಿಮಾಲಯ ಯಾವ ಲೆಕ್ಕ? "ತಂಗೋದು ಗಿಂಗೋದು ಏನಿಲ್ಲ, ನಡೀರಿ" ಎಂದು ಎಲ್ಲರನ್ನೂ ಹೊರಡಿಸಿದೆ.

ಅರ್ಧ ದಾರಿಗೇ ನನಗೆ ಉಸಿರು ಸಿಗದಾಯಿತು. ಬಾಯಿ ತೆರೆದರೆ ಗಾಳಿ ಒಳಗೆ ಬರುತ್ತದೆ, ಆದರೆ ಬಂದ ಗಾಳಿಯಲ್ಲಿ ಏನೂ ಇಲ್ಲ. ನೀರು ಬೆರೆಸಿದ ಹಾಲಿನ ಹಾಗೆ. ಗಾಳಿಯಲ್ಲೂ ಕಲಬೆರಕೆ! ನಮ್ಮ ಹುಣಸೂರಿನಲ್ಲಿ ಧೂಳು ಇದ್ದರೂ ಗಾಳಿಯನ್ನು ತೂಕಕ್ಕೆ ಸರಿಯಾಗಿ ಕೊಡುತ್ತಾರೆ. ನಾನು ಗಾಳಿಯನ್ನು ಬೈದೆ, ಕುದುರೆಗಳನ್ನು ಬೈದೆ, ಮೆಟ್ಟಿಲು ಕಟ್ಟಿದವನನ್ನು ಬೈದೆ. ಬೈಯಲೂ ಉಸಿರು ಬೇಕು ಎಂಬ ಸತ್ಯ ಆಗ ಗೊತ್ತಾಯಿತು. ಗೌರಮ್ಮ ಮಾತ್ರ ನಮ್ಮೂರ ಕೆರೆ ಏರಿ ಮೇಲೆ ಹೋಗುವವಳ ಹಾಗೆ ಸೆರಗು ಸಿಕ್ಕಿಸಿಕೊಂಡು ಒಂದೇ ಸಮನೆ ಹತ್ತುತ್ತಿದ್ದಳು.

ಮೇಲೆ ತಲುಪಿದ ಮೇಲೆ ಯಾತ್ರಿಕರನ್ನು ತಪಾಸಣೆ ಮಾಡುವ ಒಂದು ಶಿಬಿರದಲ್ಲಿ ಒಬ್ಬ ಡಾಕ್ಟರಮ್ಮ ನಮ್ಮ ಬೆರಳಿಗೆ ಕ್ಲಿಪ್ಪಿನಂಥದ್ದನ್ನು ಸಿಕ್ಕಿಸಿ ನೋಡಿದರು. ಏನೇನೋ ಎಚ್ಚರಿಕೆ ಹೇಳಿದರು. ಅವರು ಹಿಂದಿಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ತಲೆ ಆಡಿಸಿದೆ.

"ಏನಂದ್ರು ಅವರು?" ಎಂದು ಗೌರಮ್ಮ ತಮ್ಮನನ್ನು ಕೇಳಿದಳು.

"ಚೆನ್ನಾಗಿ ನಿದ್ದೆ ಮಾಡ್ಬೇಕಂತೆ ಕಣಕ್ಕ. ಎಣ್ಣೆ ಮುಟ್ಬಾರ್ದಂತೆ. ಇನ್ನೊಂದು ಏನೋ ಮಾತ್ರೆ ವಿಚಾರ ಅಂದ್ರು, ನಂಗೆ ಗೊತ್ತಿರೋದೇ ಬುಡು" ಅಂದ ಶಂಕರ. ಅವನ ಹಿಂದಿ ಹುಣಸೂರು ಸಂತೆಯಲ್ಲಿ ಕಂಬಳಿ ಕೊಳ್ಳುವಷ್ಟು ಮಾತ್ರ ಇದೆ. ಅದೇ ನಮ್ಮ ತಂಡದ ಅಧಿಕೃತ ಹಿಂದಿ.

ಒಡಪು ಮರುದಿನ ಬೆಳಿಗ್ಗೆ. ಗುಡಿಯಿಂದ ತುಸು ದೂರದ ಬಯಲಲ್ಲಿ, ಶಿಖರ ಕಾಣುವ ಹಾಗೆ ನಿಂತು ಹೇಳಲು ಅಯ್ನೋರು ಅಲ್ಲಿಯವರನ್ನು ಕೇಳಿಕೊಂಡು ಒಪ್ಪಿಸಿದ್ದರು. ಸಂಜೆ ನಾನು ಗಂಟಲು ಪರೀಕ್ಷೆಗೆ ಒಂದು ಸಲ 'ಅಹಹಾ ರುದ್ರ' ಅಂದೆ. ಬಾಗಿಲ ಸಂದಿಯಲ್ಲಿ ಬೆಕ್ಕಿನ ಬಾಲ ಸಿಕ್ಕ ಹಾಗಿತ್ತು. ಪುಟ್ಟಸ್ವಾಮಿ ಕರಡೆ ಕೆಳಗಿಟ್ಟು ಬೇರೆ ಕಡೆ ನೋಡಿದ.

"ನಿದ್ದೆ ಇಲ್ದೆ ಅಂಗಾಗೈತೆ ಭಾವ" ಅಂದ ಶಂಕರ. ನಿಜ, ಬ್ಯಾರನ್ ಕಾಯುವ ಕಾಲದಿಂದ ನನಗೆ ಸರಿಯಾದ ನಿದ್ದೆ ಇರಲಿಲ್ಲ. ಒಳಗೆ ಸೊಪ್ಪು ಇದ್ದಷ್ಟು ದಿನ ಒಲೆಗೆ ಸೌದೆ ಹಾಕುತ್ತಾ, ಶಾಖ ನೋಡುತ್ತಾ ಕೂರಬೇಕು. ಸೀಸನ್ ಮುಗಿದರೂ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಈ ಎತ್ತರದಲ್ಲಿ ಕಣ್ಣು ಮುಚ್ಚಿದ ಕೂಡಲೇ ಯಾರೋ ಕತ್ತು ಹಿಚುಕಿದ ಹಾಗೆ ಎಚ್ಚರವಾಗುತ್ತಿತ್ತು. ಶಂಕರ ಬಟ್ಟೆ ಚೀಲ ಬಿಚ್ಚಿ ಒಂದು ಪಟ್ಟಿ ತೆಗೆದ. "ಒಂದು ನುಂಗಿ. ಬೆಳಗ್ಗೆ ಸಿಂಹ ಎದ್ದಂಗೆ ಏಳ್ತೀರಾ."

"ಬ್ಯಾಡ ಕಣ್ಲಾ ಸಂಕ್ರ. ಡಾಕ್ಟ್ರಮ್ಮ ಏನೋ ಮಾತ್ರೆ ವಿಚಾರ ಅಂದಿದ್ರು ಅಂದ್ಯಲ್ಲ?" ಅಂದಳು ಗೌರಮ್ಮ.

"ಅದು ಹಿಂದಿಯೋರಿಗೆ ಅಕ್ಕ."

ನಾನು ಒಂದು ನುಂಗಿದೆ. ಒಂದು ಮಾತ್ರೆ ಸಾಮಾನ್ಯ ಮನುಷ್ಯರಿಗೆ. ವೀರಭದ್ರನಿಗೆ ಒಂದು ಯಾವ ಮೂಲೆಗೆ? ಗೌರಮ್ಮ ಆ ಕಡೆ ತಿರುಗಿದಾಗ ಇನ್ನೊಂದನ್ನೂ ನುಂಗಿದೆ!

ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ. ಪುಟ್ಟಸ್ವಾಮಿ ಬೆಳಿಗ್ಗೆ ಹೇಳಿದ್ದು. ಯಾತ್ರಿಕರೆಲ್ಲ ಸಾಲಾಗಿ ಮಲಗುವ ಆ ಛತ್ರದಲ್ಲಿ ನಾನು ಮಲಗಿ ಸ್ವಲ್ಪ ಹೊತ್ತಿಗೇ ಎದ್ದೆನಂತೆ. ಕಣ್ಣು ತೆರೆದೇ ಇತ್ತಂತೆ. ಗೋಡೆ ಮುಟ್ಟಿ ನೋಡಿದೆನಂತೆ. ಆ ಚಳಿಯಲ್ಲಿ ಗೋಡೆ ಮಂಜುಗಡ್ಡೆ. "ಲೇ, ಬ್ಯಾರನ್ ಆರೋಗೈತೆ ಕಣ್ರಲಾ! ಸೊಪ್ಪು ಬಣ್ಣ ಕೆಟ್ಟೋಯ್ತದೆ! ಸೌದೆ ತತ್ತರ್ಲಾ!" ಎಂದು ಕೂಗಿ, ಬಾಗಿಲ ಬಳಿ ಯಾತ್ರಿಕರೆಲ್ಲ ಒರಗಿಸಿಟ್ಟಿದ್ದ ಊರುಗೋಲುಗಳನ್ನು ಬಾಚಿಕೊಂಡು ಬಂದು, ಪಕ್ಕದ ಮಂಚದ ಕೆಳಗೆ ಒಂದೊಂದಾಗಿ ತುರುಕಿದೆನಂತೆ. ಆಮೇಲೆ ಮೊಣಕಾಲೂರಿ ಬಗ್ಗಿ ಉಫ್ ಉಫ್ ಎಂದು ಊದಿದೆನಂತೆ! ಆ ಮಂಚದ ಮೇಲೆ ಮಲಗಿದ್ದವರು ಎಲ್ಲಿಯವರೋ ಪಾಪ, ಭೂಕಂಪ ಎಂದುಕೊಂಡು ರಜಾಯಿ ಸಮೇತ ಹೊರಗೆ ಓಡಿದರಂತೆ. ಊದಿ ಊದಿ ಬೆಂಕಿ ಹತ್ತಲಿಲ್ಲವೆಂದು ನನಗೆ ಬೇಸರವಾಗಿ ಅಲ್ಲೇ ಮಂಚದ ಕೆಳಗೆ ಮಲಗಿದೆನಂತೆ.

ಬೆಳಿಗ್ಗೆ ನನ್ನನ್ನು ಕಾಲು ಹಿಡಿದು ಹೊರಗೆಳೆದರು. ಎಚ್ಚರವಾಯಿತು. ಆದರೆ ಎಚ್ಚರವಾದದ್ದು ನಾನಲ್ಲ, ಯಾರೋ ಬೇರೆ ಸಾಧು ಮನುಷ್ಯ. ತಲೆಯೊಳಗೆ ಹತ್ತಿ ತುಂಬಿದ ಹಾಗೆ ಮೆತ್ತಗಿತ್ತು. ಎಲ್ಲರ ಮೇಲೂ ಪ್ರೀತಿ ಬರುತ್ತಿತ್ತು. ಪುಟ್ಟಸ್ವಾಮಿ ನನಗೆ ಚವರಿ ಕಟ್ಟುವಾಗ ಕೂದಲು ಎಳೆದ. ಎಂದಿನಂತಾದರೆ ಅವನ ವಂಶವನ್ನೇ ಎತ್ತಿ ಆಡುತ್ತಿದ್ದೆ. ಅವತ್ತು "ನೋವಾಗ್ಲಿಲ್ಲ ಬುಡಪ್ಪ, ನಿಧಾನ ಮಾಡು" ಅಂದೆ.

ಅವನು ಬೆಚ್ಚಿಬಿದ್ದು ಗೌರಮ್ಮನ ಕಡೆ ನೋಡಿದ. "ಅಕ್ಕೋ, ಇವ್ರು ನಗ್ತಾವ್ರೆ!"

ನನ್ನ ಹೆಂಡತಿ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೈಮೇಲೆ ವೀರಭದ್ರನ ವೇಷ, ಮುಖದಲ್ಲಿ ಮದುವೆ ಮನೆಯ ಬೀಗರ ನಗೆ. ಅವಳ ಮುಖ ಬಿಳಿಚಿಕೊಂಡಿತು. "ರೀ, ಕ್ವಾಪ ಮಾಡ್ಕಳ್ರೀ. ಒಸಿ ಕ್ವಾಪ ಮಾಡ್ಕಳಿ, ನಿಮ್ಮ ದಮ್ಮಯ್ಯ" ಎಂದು ಗೋಗರೆದಳು. ಲೋಕದಲ್ಲಿ ಯಾವ ಹೆಂಡತಿಯೂ ಗಂಡನಲ್ಲಿ ಇಂಥ ವರ ಬೇಡಿರಲಾರಳು! ನಾನು "ಯಾಕಮ್ಮ ಕ್ವಾಪ, ಎಲ್ಲಾರೂ ಒಳ್ಳೇವ್ರೇ" ಅಂದೆ.

ಶಂಕರನಿಗೆ ತನ್ನ ಚೀಲದ ಪ್ರತಾಪ ಅರ್ಥವಾಗಿ ಬೆವರು ಬಂತು. ಆ ಚಳಿಯಲ್ಲಿ ಬೆವರಿದ ಮೊದಲ ಮನುಷ್ಯ ಅವನೇ ಇರಬೇಕು. ನನ್ನ ಕೋಪವನ್ನು ಎಬ್ಬಿಸಲು ಅವನು ಟೊಂಕ ಕಟ್ಟಿ ನಿಂತ.

"ಭಾವ, ನಿಮ್ಮ ಹೊಗೆಸೊಪ್ಪನ್ನ ಹರಾಜಿನಲ್ಲಿ ಯಾರೂ ಮೂಸೂ ನೋಡ್ಲಿಲ್ವಂತೆ!"

"ಮೂಸ್ದೆ ಇದ್ದಿದ್ದು ಒಳ್ಳೇದಾಯ್ತು ಬುಡ್ಲಾ. ಆರೋಗ್ಯಕ್ಕೆ ಒಳ್ಳೇದಲ್ಲ ಅದು."

"ಪಕ್ಕದ ಹೊಲದೋನು ನಿಮ್ಮ ಬದು ಒತ್ತಿ ತೆಂಗಿನ ಸಸಿ ನೆಟ್ಟವ್ನೆ!"

"ನೆಡ್ಲಿ. ನಂಗೂ ನೆರಳಾಯ್ತದೆ."

ಶಂಕರ ಕೊನೆಯ ಬಾಣ ತೆಗೆದ. ಈ ಮಾತಿಗೆ ಹಿಂದೊಮ್ಮೆ ನಾನು ಅವನನ್ನು ಹೊಲದ ಸುತ್ತ ಅಟ್ಟಾಡಿಸಿದ್ದೆ. "ಭಾವ, ನಿಮ್ಗಿಂತ ಪಿರಿಯಾಪಟ್ಟಣದ ತಂಡದೋನೇ ಒಡಪು ಚೆನ್ನಾಗಿ ಹೇಳ್ತಾನಂತೆ!"

"ಊ ಕಣ್ಲಾ. ಚೆನ್ನಾಗೇ ಹೇಳ್ತಾನೆ ಪಾಪ" ಅಂದೆ.

ಗೌರಮ್ಮ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಳು.

ಆದರೆ ಹೊತ್ತು ಕಾಯುವುದಿಲ್ಲ. ಬಯಲಲ್ಲಿ ಜನ ಸೇರಿಬಿಟ್ಟಿದ್ದರು. ನಾನಾ ದೇಶದ, ನಾನಾ ಭಾಷೆಯ ಯಾತ್ರಿಕರು. ಬಿಳಿ ಬೆಟ್ಟಗಳ ಎದುರು ಕೆಂಪು ವೇಷ, ಕೈಯಲ್ಲಿ ಕತ್ತಿ. ಎಲ್ಲರ ಫೋನುಗಳೂ ಮೇಲೆದ್ದವು. ಪುಟ್ಟಸ್ವಾಮಿ ಕರಡೆ ಬಾರಿಸಿದ. ಅಯ್ನೋರು ವಿಭೂತಿ ಹಚ್ಚಿದರು. ಗೌರಮ್ಮ ಗುಡಿಯ ಕಡೆ ಕೈ ಮುಗಿದು ನಿಂತಳು. ಅವಳ ತುಟಿ ಮೊಮ್ಮಗಳ ಹೆಸರು ಹೇಳುತ್ತಿದ್ದುದು ನನಗೆ ಕಂಡಿತು. ಕಂಡರೂ ಏನು ಪ್ರಯೋಜನ? ಎದೆಯಲ್ಲಿ ಕಿಡಿಯೇ ಇಲ್ಲ.

ಕತ್ತಿ ಎತ್ತಿ ಬಾಯಿ ತೆರೆದೆ. "ಅಹಹಾ..." ಎನ್ನುವಷ್ಟರಲ್ಲಿ ತೆರೆದ ಬಾಯಿ ಮುಚ್ಚಲಿಲ್ಲ. ಆಕಳಿಕೆ! ಸಣ್ಣ ಆಕಳಿಕೆಯಲ್ಲ, ಹಿಮಾಲಯದ ಅಳತೆಯ ಆಕಳಿಕೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ನೋಡಿ ಆಕಳಿಸಿದರು. ಅವರನ್ನು ನೋಡಿ ಪಕ್ಕದವರು. ಭಕ್ತಸಮೂಹವೆಲ್ಲ ಒಬ್ಬರ ಹಿಂದೆ ಒಬ್ಬರು ಬಾಯಿ ತೆರೆದರು. ಪುಟ್ಟಸ್ವಾಮಿಯೂ ಆಕಳಿಸಿದ, ತಾಳ ತಪ್ಪಿತು.

ಹೇಗೋ ಎರಡು ಮಾತು ಹೇಳಿದೆ. ದಕ್ಷನ ಯಜ್ಞದವರೆಗೆ ಬಂದೆ. ಇಲ್ಲಿ ನಾನು ಕಣ್ಣು ಕೆಂಡ ಮಾಡಿ, ಹೆಜ್ಜೆ ಅಪ್ಪಳಿಸಿ, 'ಎಲವೋ ದಕ್ಷ!' ಎಂದು ಗುಡುಗಬೇಕು. ಆದರೆ ನನಗೆ ದಕ್ಷನ ಮೇಲೆ ಕನಿಕರ ಬಂತು. ಅವನೂ ಹೆಣ್ಣು ಹೆತ್ತವನು. ಯಜ್ಞದ ಕೆಲಸ, ನೂರು ಗಲಾಟೆ, ಒಬ್ಬ ಅಳಿಯನನ್ನು ಕರೆಯಲು ಮರೆತಿರಬಹುದು. "ಎಲವೋ ದಕ್ಷ... ಆಗಿದ್ದಾಯ್ತು ಬುಡಿ, ದೊಡ್ಡೋರು ನೀವು" ಅಂದೆ. ಕತ್ತಿಯನ್ನು ನೆಲಕ್ಕೂರಿ ಅದರ ಹಿಡಿಯ ಮೇಲೆ ಗದ್ದ ಇಟ್ಟೆ. ಹಾಗೇ ಕುಸಿದು ಕೂತೆ. ಕಣ್ಣು ಮುಚ್ಚಿದೆ.

ಆಗ ಆ ಬಯಲಲ್ಲಿ ಒಂದು ದನಿ ಎದ್ದಿತು.

"ಎದ್ದೇಳ್ರೀ ಮ್ಯಾಲೆ!"

ನಾನು ಕಣ್ಣು ಬಿಟ್ಟೆ. ಎದುರಿಗೆ ಗೌರಮ್ಮ. ಸೆರಗು ಸೊಂಟಕ್ಕೆ ಬಿಗಿದಿದ್ದಾಳೆ, ಗಾಳಿಗೆ ಕೂದಲು ಬಿಚ್ಚಿಹೋಗಿದೆ. ಹಣೆಯ ವಿಭೂತಿಯ ಕೆಳಗೆ ಕಣ್ಣು ಉರಿಯುತ್ತಿದೆ. ಇಷ್ಟು ವರ್ಷ ಸೊಪ್ಪು ಬಿಡಿಸುತ್ತಾ ಕೂಡಿಟ್ಟಿದ್ದೆಲ್ಲ ಅವತ್ತು ಒಟ್ಟಿಗೆ ಹೊರಗೆ ಬಂತು.

"ಸಾರಿಗೆ ಉಪ್ಪು ಕಮ್ಮಿ ಅಂತ ಊರಿಗೇ ಕೇಳಂಗೆ ಕೂಗೋ ಗಂಟ್ಲು, ದ್ಯಾವ್ರ ಮುಂದೆ ಎಲ್ಲೋಯ್ತು?"

ಪುಟ್ಟಸ್ವಾಮಿ ಇಪ್ಪತ್ತು ವರ್ಷದಿಂದ ಕರಡೆ ಬಾರಿಸುವವನು. ಒಡಪಿನ ಒಂದು ಮಾತು ಮುಗಿದು ಹೇಳುವವರು ಉಸಿರೆಳೆದುಕೊಂಡರೆ ಅವನ ಕೈ ತಾನಾಗಿ ಏಟು ಹಾಕುತ್ತದೆ. ಗೌರಮ್ಮ ಉಸಿರೆಳೆದುಕೊಂಡಳು. ಅವನ ಕೈ ಏಟು ಹಾಕಿತು. ಧಣ್ ಧಣ ಧಣ್!

"ಬ್ಯಾರನ್ ಮುಂದೆ ತಿಂಗಳಾನುಗಟ್ಲೆ ನಿದ್ದೆಗೆಡ್ತೀರಲ್ಲ, ಈಸ್ವರನ ಮುಂದೆ ಒಂದು ಗಳಿಗೆ ಎದ್ದಿರಾಕೆ ಆಗಕ್ಕಿಲ್ವಾ?"

ಧಣ್ ಧಣ ಧಣ್!

"ಸಿಂಹ ಎದ್ದಂಗೆ ಏಳ್ತೀನಿ ಅಂತ ಕಂಡೋರ ಮಾತ್ರೆ ನುಂಗಿದ್ರಲ್ಲ, ಎಲ್ರೀ ಸಿಂಹ? ಎಲ್ಲಿ?"

ಧಣ್ ಧಣ ಧಣ್! ಜನ ಆಕಳಿಕೆ ಬಿಟ್ಟು ನೆಟ್ಟಗೆ ನಿಂತರು. ಅವರಿಗೆ ಕನ್ನಡ ಬರುವುದಿಲ್ಲ. ಅವರ ಕಣ್ಣಿಗೆ ಕಂಡದ್ದು ಇಷ್ಟೇ: ಕತ್ತಿ ಹಿಡಿದ ಒಬ್ಬ ಕೆಳಗೆ ಕುಸಿದಿದ್ದಾನೆ, ಕೂದಲು ಕೆದರಿದ ಒಬ್ಬ ತಾಯಿ ಬೆಟ್ಟದ ಎದುರು ನಿಂತು ಗುಡುಗುತ್ತಿದ್ದಾಳೆ, ವಾದ್ಯ ತಕ್ಕ ಹಾಗೆ ನುಡಿಯುತ್ತಿದೆ. ಯಾರೋ ಕೈ ಮುಗಿದರು. ನೋಡಿ ಇನ್ನೊಬ್ಬರು ಮುಗಿದರು.

ಆಗ ಗೌರಮ್ಮನ ದನಿ ಬದಲಾಯಿತು. "ನನ್ನ ಮಗಳು ಒಳಗೆ ಮನಗಿದ್ಲು. ಕೂಸು ಅತ್ತ ಸದ್ದೇ ಬರ್ಲಿಲ್ಲ. ನಾನು ಬಾಗ್ಲಲ್ಲಿ ಒಬ್ಳೇ ನಿಂತಿದ್ದೆ ಕಣ್ರೀ. ಒಬ್ಳೇ. ಅವತ್ತು ನಾನು ನನ್ನ ಚಿನ್ನ ಕೊಡ್ತೀನಿ ಅನ್ನಲಿಲ್ಲ, ಬೆಳ್ಳಿ ಕೊಡ್ತೀನಿ ಅನ್ನಲಿಲ್ಲ. ನಮ್ಮನೇವ್ರ ಬಾಯಿ ಐತೆ ನಂಗೆ, ಅದುನ್ನ ಕೊಡ್ತೀನಿ ಅಂದೆ. ಆ ಬಾಯಿನ ಇಂಗೆ ಆಕಳ್ಸಾಕೆ ಇಟ್ಕಂಡ್ರಾ?"

ಪುಟ್ಟಸ್ವಾಮಿ ಆ ಮಾತಿಗೆ ಬಾರಿಸಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದ. ನನ್ನ ಹತ್ತಿ ತುಂಬಿದ ತಲೆಯೊಳಗೂ ಅದು ಇಳಿಯಿತು, ಎದ್ದು ನಿಲ್ಲಲು ನೋಡಿದೆ. ಕಾಲು ಬರಲಿಲ್ಲ.

"ನಿಮ್ಮ ತಲೆ ತೆಗ್ದು ಟಗರಿನ ತಲೆ ಇಕ್ಬೇಕು! ಅದಾದ್ರೂ ಹೊತ್ತಿಗೆ ಸರ್ಯಾಗಿ ಅರಚ್ತದೆ!"

ಧಣ್ ಧಣ ಧಣ ಧಣ ಧಣ್! ದಕ್ಷನಿಗೆ ಟಗರಿನ ತಲೆ ಇಟ್ಟ ಕಥೆ ದೇಶಕ್ಕೆಲ್ಲ ಗೊತ್ತು. ಅವಳು ನನ್ನ ಕತ್ತಿನ ಹತ್ತಿರ ಕೈ ಬೀಸಿದ್ದೇ ತಡ, ಜನಕ್ಕೆಲ್ಲ ಅರ್ಥವಾಗಿಹೋಯಿತು. "ಹರ ಹರ ಮಹಾದೇವ!" ಎಂದು ಬಯಲು ನಡುಗಿತು. ಒಬ್ಬರು ಓಡಿಬಂದು ಗೌರಮ್ಮನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದರು. ಇಬ್ಬರು ಅವಳ ಕಾಲಿಗೆ ಬಿದ್ದರು. ಬೀಳುವ ದಾರಿಯಲ್ಲಿ ನಾನು ಅಡ್ಡ ಇದ್ದೆನೆಂದು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು!

ಅಷ್ಟರಲ್ಲಿ ನಿನ್ನೆಯ ಡಾಕ್ಟರಮ್ಮ ಜನರನ್ನು ಸೀಳಿಕೊಂಡು ಬಂದರು. ಅವರೊಬ್ಬರಿಗೇ ಇದು ಕಲೆಯಲ್ಲ, ಕಾಯಿಲೆ ಎಂದು ಗೊತ್ತಾಗಿತ್ತು. ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ ಅವರ ಮುಖ ಗಂಟಿಕ್ಕಿತು. ಶಂಕರನ ಚೀಲದಿಂದ ಆ ಪಟ್ಟಿ ಹೊರಬಂತು. ಈ ಸಲ ಅವರು ಹಿಂದಿ ನಂಬದೆ ಕೈಸನ್ನೆಯಲ್ಲೇ ಹೇಳಿದರು: ಇಷ್ಟು ಎತ್ತರದಲ್ಲಿ ನಿದ್ದೆಯಲ್ಲಿ ಉಸಿರು ಮೊದಲೇ ಕಮ್ಮಿ. ಈ ಮಾತ್ರೆ ಉಸಿರನ್ನು ಇನ್ನೂ ನಿಧಾನ ಮಾಡುತ್ತದೆ ಎಂದು ಹೇಳಿ, ಎದೆಯ ಮೇಲೆ ಕೈಯಿಟ್ಟು, ಕೈ ಏಳುವುದನ್ನು ನಿಲ್ಲಿಸಿ ತೋರಿಸಿದರು. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಗೌರಮ್ಮ ಹೂವಿನ ಹಾರದ ಸಮೇತ ನನ್ನ ಪಕ್ಕ ಕುಸಿದು ಕೂತಳು. ಡಾಕ್ಟರಮ್ಮ ತರಿಸಿದ ಆಕ್ಸಿಜನ್ ಮಾಸ್ಕನ್ನು ನನ್ನ ಮೂಗಿಗೆ ತಾನೇ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಉಸ್ರಾಡ್ರೀ. ಎಳ್ಕಳಿ ಗಾಳಿಯ. ನಿಲ್ಲಿಸೀರಾ ಮತ್ತೆ" ಎಂದು ಬೈಯುತ್ತಲೇ ಇದ್ದಳು. ಬೈಗುಳ ಕೇಳಿಕೊಂಡು ನಾನು ಉಸಿರಾಡಿದೆ.

ನನ್ನನ್ನು ಕೂಡಲೇ ಕೆಳಗಿಳಿಸಬೇಕೆಂದಾಯಿತು. ಅಲ್ಲಿ ಬೆನ್ನ ಮೇಲೆ ಬುಟ್ಟಿ ಕಟ್ಟಿಕೊಂಡು ಯಾತ್ರಿಕರನ್ನು ಹೊರುವವರಿದ್ದಾರೆ. ವೇಷ ಬಿಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಚವರಿ, ಗೆಜ್ಜೆ, ಎದೆ ಹಲಗೆ, ಮೂಗಿಗೆ ಮಾಸ್ಕು ಸಮೇತ ಬುಟ್ಟಿಯಲ್ಲಿ ಕೂರಿಸಿದರು. ದಕ್ಷನ ಯಜ್ಞವನ್ನು ಧ್ವಂಸ ಮಾಡಿದ ವೀರಭದ್ರದೇವರು ಬೇರೆಯವರ ಬೆನ್ನ ಮೇಲೆ, ಹಿಂದುಮುಂದಾಗಿ, ಸಂತೆಗೆ ಹೋಗುವ ಕೋಳಿಯ ಹಾಗೆ ಇಳಿದರು. ಎದುರು ಹತ್ತಿ ಬರುತ್ತಿದ್ದವರು ಕೆಲವರು ಕೈ ಮುಗಿದರು. ಮಕ್ಕಳು ನಕ್ಕರು. ಅರ್ಧ ದಾರಿಗೆ ಬಂದಾಗ ಗಾಳಿ ಗಟ್ಟಿಯಾಯಿತು, ತಲೆಯ ಹತ್ತಿ ಕರಗಿತು, ಮತ್ತು ನನ್ನ ಕೋಪ ಬಂತು. ಸುನಾಮಿಯಂತೆ ಬಂತು! ಶಂಕರನ ಮೇಲೆ, ಮಾತ್ರೆಯ ಮೇಲೆ, ನನ್ನ ಮೇಲೆ. ಮಾಸ್ಕ್ ಕಿತ್ತು 'ಎಲವೋ ದಕ್ಷ!' ಎಂದು ಗುಡುಗಿದೆ. ಹೊತ್ತವನು "ಹಿಲೋ ಮತ್" ಅಂದ. ಅಲ್ಲಾಡಬೇಡ ಎಂದು ಅರ್ಥವಂತೆ.

ಕೆಳಗೆ ಬಂದ ಮೇಲೆ ಗೌರಮ್ಮ ಒಂದು ಮೂಲೆಯಲ್ಲಿ ಕೂತು ಅಳತೊಡಗಿದಳು. ಹಾರ ಇನ್ನೂ ಕೊರಳಲ್ಲೇ ಇತ್ತು. "ಅಯ್ನೋರೇ, ಹರಕೆ ಕೆಟ್ಟೋಯ್ತು. ಇವ್ರ ಬಾಯಲ್ಲಿ ಹೇಳಿಸ್ತೀನಿ ಅಂದಿದ್ದೆ. ಕೂಸಿಗೆ ಏನಾರ ಆದ್ರೆ?"

ನಾನು ಅವಳ ಮುಖ ನೋಡಲಾರದೆ ಗೆಜ್ಜೆ ಬಿಚ್ಚುತ್ತಿದ್ದೆ. "ನಾಳೆನೇ ಮತ್ತೆ ಹತ್ತೀನಿ ಕಣೇ. ಮಾತ್ರೆ ಇಲ್ದೆ" ಅಂದೆ.

ಅಯ್ನೋರು ನಕ್ಕರು. "ನೀನು ಕುಂತ್ಕಳಪ್ಪ ರುದ್ರಪ್ಪ. ಗೌರಮ್ಮ, ವೀರಭದ್ರನಿಗೆ ಕ್ವಾಪ ಬಂದಿದ್ದು ಯಾರಿಗೋಸ್ಕರ? ತಾಯಿ ದಾಕ್ಷಾಯಣಿಗೋಸ್ಕರ. ಹೆಣ್ಣಿನ ಸಂಕಟ ಕೇಳದೆ ಕುಂತಿದ್ದ ಗಂಡಸನ್ನ ಬೈಯಾಕೆ. ಇವತ್ತು ಆ ತಾಯಿನೇ ನಿಂತು ಬೈದ್ಲು. ನಿನ್ನ ಗಂಡ ಬಾಯಿ ಮುಚ್ಚಿದ್ದಕ್ಕೇ ನಿನ್ನ ಬಾಯಿ ತೆರೀತು. ಹರಕೆ ಸಂದೈತೆ. ನಾನು ಹೇಳ್ತೀನಿ, ಸಂದೈತೆ."

ಗೌರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಫೋನ್ ತೆಗೆದು ಕೆ.ಆರ್. ನಗರಕ್ಕೆ ಮಾಡಿದಳು. ಆ ಕಡೆ ಮೊಮ್ಮಗಳು ಕೇಕೆ ಹಾಕುವುದು ನನಗೂ ಕೇಳಿಸಿತು. ಅವಳು ಕಿವಿಗೆ ಫೋನ್ ಒತ್ತಿಕೊಂಡು ಕೇಳುತ್ತಾ ಕೂತಳು. ನನ್ನ ಜೀವ ಹಗುರಾಯಿತು. ಸಂಕಟವೇನೆಂದರೆ, ಇನ್ನೊಂದು ಸಲ ಹತ್ತುವ ನನ್ನ ಮಾತನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಾವು ಊರು ಮುಟ್ಟುವುದಕ್ಕಿಂತ ಮೊದಲೇ ಯಾತ್ರಿಕರ ವಿಡಿಯೋ ಊರು ಮುಟ್ಟಿತ್ತು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹೂ ಮಾರುವವಳು ಗೌರಮ್ಮನನ್ನು ಗುರುತು ಹಿಡಿದು ಒಂದು ಮೊಳ ಮುಡಿಸಿದಳು. ನನ್ನನ್ನು ನೋಡಿ, "ಇವ್ರೇ ಅಲ್ವಾ ಕೆಳಗೆ ಬಿದ್ದಿದ್ದೋರು?" ಎಂದು ವಿಚಾರಿಸಿದಳು. ನನ್ನ ಕೋಪ ಈಗ ಪೂರ್ತಿ ಗುಣವಾಗಿದೆ. ಮೊದಲಿಗಿಂತ ಜೋರಾಗಿಯೇ ಗರ್ಜಿಸುತ್ತೇನೆ. ಆದರೆ ಗರ್ಜಿಸಿದಾಗೆಲ್ಲ ಕೇಳಿದವರು ಪಕ್ಕಕ್ಕೆ ತಿರುಗಿ ಆಕಳಿಸಿದಂತೆ ಮಾಡುತ್ತಾರೆ.

ಮೊನ್ನೆ ಪಿರಿಯಾಪಟ್ಟಣದಿಂದ ಶಿವರಾತ್ರಿ ಜಾಗರಣೆಗೆ ಕರೆಯಲು ನಾಲ್ಕು ಜನ ಬಂದರು. ನಾನು ಒಳಗೆ ಹೋಗಿ ಒಳ್ಳೆ ಶರಟು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಬಂದು ಕೂತೆ. ಅವರು ನನ್ನನ್ನು ದಾಟಿ ಒಳಗೆ ನೋಡಿ, "ಅಮ್ಮಾವ್ರು ಇಲ್ವಾ? ಅವರ ಒಡಪು ಬೇಕಿತ್ತು" ಅಂದರು.

ಗೌರಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಮೊದಲು ಒಲ್ಲೆ ಅಂದಳು. ಬಲವಂತ ಮಾಡಿದರು. ಕೊನೆಗೆ, "ಬತ್ತೀನಿ. ಆದ್ರೆ ನಮ್ಮನೇವ್ರನ್ನ ನನ್ನ ಎದುರಿಗೇ ಕುಂಡ್ರಿಸ್ಬೇಕು" ಅಂದಳು.

ನನ್ನ ಕಣ್ಣು ತೇವವಾಯಿತು. ಎಷ್ಟಾದರೂ ಹೆಂಡತಿ. ಗುರುವನ್ನು ಮರೆಯಲಿಲ್ಲ. ಬಂದವರು ಮೆಚ್ಚಿ, "ಅದ್ಯಾಕಮ್ಮ, ಧೈರ್ಯಕ್ಕಾ?" ಎಂದು ಕೇಳಿದರು.

"ಇವ್ರ ಮೊಖ ಕಾಣ್ದೆ ಇದ್ರೆ ನಂಗೆ ಕ್ವಾಪನೇ ಬರಕ್ಕಿಲ್ಲ ಕಣ್ರಪ್ಪಾ."

ಹೋಗುತ್ತಿದ್ದೇನೆ. ಮುಂದಿನ ಸಾಲು, ನಡುವಿನ ಕುರ್ಚಿ. ಈಗಿನಿಂದಲೇ ಎಚ್ಚರವಾಗಿರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.